ಹಾಸನದಲ್ಲಿ ಗಣಿತ ಮೇಷ್ಟ್ರು ಸಿಇಟಿ ಪಾಠಕ್ಕೆ ಬರುವ ದಾರಿ

ಹಾಸನದಲ್ಲಿ ಸಿಇಟಿ ಗಣಿತ ಹೇಳಿಕೊಡುವವರಲ್ಲಿ ಹಲವರು ಹಿಂದೆ ಪಿಯು ಕಾಲೇಜಿನ ಅತಿಥಿ ಉಪನ್ಯಾಸಕರೇ ಯಾಕೆ ಅಂತ ಕೇಳಿದ್ದೀರಿ. ಅತಿಥಿ ಉಪನ್ಯಾಸಕರ ನೇಮಕ ಆಯಾ ಶೈಕ್ಷಣಿಕ ವರ್ಷಕ್ಕಷ್ಟೆ. ತರಗತಿ ಮುಗಿದರೆ ಸಂಬಳವೂ ನಿಂತಂತೆ. ದ್ವಿತೀಯ ಪಿಯು ಪರೀಕ್ಷೆ ಮಾರ್ಚಿನ ಹೊತ್ತಿಗೆ, ಸಿಇಟಿ ಏಪ್ರಿಲ್‌ನಲ್ಲಿ. ನಡುವಿನ ಕ್ರ್ಯಾಶ್ ಕೋರ್ಸಿಗೆ ಗಣಿತದವರು ಬೇಕೇ ಬೇಕು. ಎಂಎಸ್ಸಿ, ಬಿಎಡ್ ಮಾಡಿ ಕಾಯಂ ಹುದ್ದೆಗೆ ಕಾಯುತ್ತಿರುವವರು ಬೇಸಿಗೆ ಮಟ್ಟಿಗೆಂದು ಹೋಗುತ್ತಾರೆ, ಕೆಲವರು ಅಲ್ಲೇ ನೆಲೆಯಾಗುತ್ತಾರೆ.

ನೆಲೆಯಾಗಲು ಬೇರೆಯೇ ಪಾಠ ಕಲಿಯಬೇಕು. ಬೋರ್ಡ್ ಪರೀಕ್ಷೆಯಲ್ಲಿ ಹಂತ ಹಂತಕ್ಕೂ ಅಂಕ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಹಾಗಂತ ಹಂತಗಳನ್ನು ಬಿಟ್ಟುಬಿಡುವ ಹಾಗಿಲ್ಲ, ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಪಿಯು ಅಂಕಕ್ಕೂ ಅರ್ಧ ಪಾಲಿದೆ.

ಹೊಸ ಮೇಷ್ಟ್ರು ಎಡವುವುದು ಶಾರ್ಟ್‌ಕಟ್‌ನಲ್ಲಿ. ಸೈನ್ ಎಕ್ಸ್ ಅನ್ನು ಸೈನ್ ಎಕ್ಸ್ ಪ್ಲಸ್ ಕಾಸ್ ಎಕ್ಸ್‌ನಿಂದ ಭಾಗಿಸಿ 0ಯಿಂದ ಪೈ/2ರವರೆಗೆ ಇಂಟಿಗ್ರೇಟ್ ಮಾಡಿದರೆ ಪೈ/4. ಇದನ್ನು ಬಾಯಿಪಾಠ ಮಾಡಿಸಿದ ಹುಡುಗನಿಗೆ ಮಿತಿ ಪೈ/6ರಿಂದ ಪೈ/3 ಅಂತ ಕೊಡಿ, ಆಗಲೂ ಪೈ/4 ಎಂದೇ ಗುರುತು ಹಾಕುತ್ತಾನೆ. ಸರಿಯುತ್ತರ ಪೈ/12. ಎರಡು ಮಿತಿಗಳ ಮೊತ್ತ ಪೈ/2 ಆದರೆ ಉತ್ತರ ಅವುಗಳ ವ್ಯತ್ಯಾಸದ ಅರ್ಧ. 0ಯಿಂದ ಪೈ/4 ಕೊಟ್ಟರೆ ಈ ದಾರಿಯೇ ಮುಚ್ಚಿತು. ಎಲ್ಲಿ ನಡೆಯುವುದಿಲ್ಲ ಅನ್ನುವುದನ್ನು ಅದೇ ದಿನ ಹೇಳದಿದ್ದರೆ ಶಾರ್ಟ್‌ಕಟ್ ಕಲಿಸದಿರುವುದೇ ಮೇಲು. ಎಕ್ಸ್‌ಗೆ ಬೆಲೆ ಹಾಕಿ ಆಯ್ಕೆಗಳನ್ನು ಹೊಡೆದುಹಾಕುವುದೂ ಹೀಗೆಯೇ: 0 ಹಾಕಿದರೆ ಎರಡು ಆಯ್ಕೆ ಒಂದೇ ಬೆಲೆ ಕೊಡಬಹುದು, ಆಗ 30 ಡಿಗ್ರಿ ಹಾಕಿ ನೋಡಿಸಬೇಕು.

ಮಾದರಿ ಪರೀಕ್ಷೆ ತಯಾರಿಸುವಾಗ ತಪ್ಪು ಆಯ್ಕೆಗಳನ್ನು ಮಕ್ಕಳ ನೋಟ್‌ಬುಕ್ಕಿನಿಂದಲೇ ಎತ್ತಬೇಕು. ಚಿಹ್ನೆ ತಪ್ಪಿದವನ ಉತ್ತರ ಒಂದು, ಮಿತಿ ಬದಲಿಸದವನ ಉತ್ತರ ಒಂದು. ಆಗ ಯಾವ ಆಯ್ಕೆ ತುಂಬಿದ್ದಾನೆ ಅನ್ನುವುದರಲ್ಲೇ ರೋಗ ಗೊತ್ತಾಗುತ್ತದೆ. ಹೈಸ್ಕೂಲಿನಲ್ಲಿ ನೋಟ್‌ಬುಕ್ ತಿದ್ದಿ ಬಂದವರ ಕೈ ಇಲ್ಲಿ ಮೇಲು. ಉತ್ತರದ ವೃತ್ತಕ್ಕೆ ಮಸಿ ತುಂಬುವ ಓಎಂಆರ್ ಹಾಳೆಯನ್ನು ಮೊದಲ ವಾರದಿಂದಲೇ ತುಂಬಿಸಬೇಕು. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದವನು ವೃತ್ತ ಬಿಡಲು ಮರೆತರೆ ಅಲ್ಲಿಂದಾಚೆ ಎಲ್ಲವೂ ಒಂದೊಂದು ಮನೆ ಜರುಗುತ್ತವೆ.

ಪಠ್ಯಕ್ರಮದ ಮೇಲೆ ಕಣ್ಣಿಡದಿದ್ದರೂ ಕಷ್ಟ. 2024ರ ಸಿಇಟಿಯಲ್ಲಿ ಪಠ್ಯದಿಂದ ಕೈಬಿಟ್ಟ ಭಾಗದ ಪ್ರಶ್ನೆಗಳೇ ಬಂದು, ನಾಲ್ಕೂ ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ತೆಗೆಯಬೇಕಾಯಿತು. ಹಳೆಯ ಪ್ರಶ್ನೆಪತ್ರಿಕೆ ಕೊಡುವ ಮೊದಲು ಈಗ ಇಲ್ಲದ ಭಾಗಗಳಿಗೆ ಗೆರೆ ಎಳೆದು ಕೊಡಿ.

ಇನ್ನು ಊರಿನ ವಿಷಯ. ನಮ್ಮದು ಮಲೆನಾಡು ಬಯಲುಸೀಮೆ ಕೂಡುವ ಗಡಿ. ಅರಸೀಕೆರೆ ಕಡೆಯ ಮಕ್ಕಳು ರೈಲಿಗೂ ಬರುತ್ತಾರೆ. ಸಕಲೇಶಪುರ, ಆಲೂರು, ಬೇಲೂರಿನವರಿಗೆ ಕಾಡಾನೆ ಭಯ. ಬಸ್ಸಿಳಿದು ತೋಟದ ದಾರಿಯಲ್ಲಿ ಕತ್ತಲಲ್ಲಿ ನಡೆಯುವಂತಿಲ್ಲ. ಬೆಳಗ್ಗೆ 6ರ ಬ್ಯಾಚ್, ರಾತ್ರಿ 8ರ ಬ್ಯಾಚ್ ಬೆಂಗಳೂರಿಗೆ ಸರಿ, ಇಲ್ಲಿ ಇಟ್ಟರೆ ಆ ಮಕ್ಕಳು ತಪ್ಪಿಹೋಗುತ್ತಾರೆ. ಫೀಸಿನ ಕಂತನ್ನೂ ಕಾಫಿ ಮಾರಿದ ಮೇಲೆ ಕಟ್ಟುವ ಹಾಗೆ ಇಡಬೇಕು. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಬಂದವರಿಗೆ ‘ಅವಕಲನ’ ಅಂದರೆ ‘ಡಿಫರೆನ್ಸಿಯೇಷನ್’ ಅಂತ ಎರಡೂ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟೇ ಪಾಠ ಶುರು ಮಾಡಿ.