ಓಪನ್ ವಾಟರ್ ನಂತರ ಯಾವ ತರಬೇತಿ?

ಪ್ರಶ್ನೆ: ನಾನು ಸ್ಕೂಬಾ ಡೈವಿಂಗ್ ತರಬೇತಿಯ ಪ್ಯಾಡಿ ಸಂಸ್ಥೆಯಿಂದ ಓಪನ್ ವಾಟರ್ ಎಂಬ ಆರಂಭಿಕ ಹಂತದ ಪ್ರಮಾಣಪತ್ರ ಪಡೆದಿದ್ದೇನೆ. ಮುಂದೆ ಅಡ್ವಾನ್ಸ್‌ಡ್ ಕೋರ್ಸ್ ಸೇರಬೇಕೇ, ನೈಟ್ರಾಕ್ಸ್ (ಸಾಮಾನ್ಯ ಗಾಳಿಗಿಂತ ಹೆಚ್ಚು ಆಮ್ಲಜನಕವಿರುವ ಮಿಶ್ರಣ) ಬಳಸಲು ಕಲಿಯಬೇಕೇ?

ಉತ್ತರ: ಅಡ್ವಾನ್ಸ್‌ಡ್ ಎಂಬ ಹೆಸರು ಸ್ವಲ್ಪ ದೊಡ್ಡದಾಯಿತು, ಅದು ಪರಿಣತರ ಪದವಿಯಲ್ಲ, ಶಿಕ್ಷಕರ ಜೊತೆಗೆ ಮಾಡುವ ಐದು ಡೈವ್‌ಗಳ ಪರಿಚಯ. ಅವುಗಳಲ್ಲಿ ಆಳದ ಡೈವ್ ಮತ್ತು ನೀರಿನಡಿಯ ದಿಕ್ಕು ಗುರುತಿಸುವಿಕೆ ಕಡ್ಡಾಯ, ಉಳಿದ ಮೂರು ನಿಮ್ಮ ಆಯ್ಕೆ. ತೇಲುವಿಕೆಯ ನಿಯಂತ್ರಣವನ್ನು ಅವುಗಳಲ್ಲಿ ಒಂದಾಗಿ ತಪ್ಪದೇ ಆರಿಸಿಕೊಳ್ಳಿ, ಏಕೆಂದರೆ ಅದು ಹದಕ್ಕೆ ಬಾರದಿದ್ದರೆ ರಾತ್ರಿಯ ಡೈವ್ ಆಗಲಿ ಹಡಗಿನ ಅವಶೇಷದ ಡೈವ್ ಆಗಲಿ ಬರೀ ಒದ್ದಾಟವಾಗುತ್ತದೆ.

ಈ ಕೋರ್ಸ್ ಮುಗಿದರೆ ನಿಮ್ಮ ಆಳದ ಮಿತಿ 18 ಮೀಟರ್‌ನಿಂದ 30 ಮೀಟರ್‌ಗೆ ಏರುತ್ತದೆ. ಆದರೆ 30 ಮೀಟರ್‌ನಲ್ಲಿ ಒತ್ತಡವು ಮೇಲ್ಮೈಯ ನಾಲ್ಕರಷ್ಟಿರುವುದರಿಂದ ಸಿಲಿಂಡರ್‌ನ ಗಾಳಿಯೂ ಸುಮಾರು ನಾಲ್ಕು ಪಟ್ಟು ವೇಗವಾಗಿ ಖರ್ಚಾಗುತ್ತದೆ, ಜೊತೆಗೆ ಹೆಚ್ಚಿನ ಒತ್ತಡದಲ್ಲಿ ಉಸಿರಾಡಿದ ಸಾರಜನಕ ತರುವ ಅಮಲು ಹಲವರ ವಿವೇಚನೆಯನ್ನು ಮಂಕಾಗಿಸುತ್ತದೆ. ಆದುದರಿಂದ 18 ಮೀಟರ್‌ನೊಳಗೆ ಇನ್ನಷ್ಟು ಡೈವ್ ಮಾಡಿ, ಗಾಳಿಯ ಬಳಕೆ ಹಿಡಿತಕ್ಕೆ ಬಂದ ಮೇಲೆ ಸೇರುವುದು ಲೇಸೆಂಬುದು ನನ್ನ ಅಭಿಪ್ರಾಯ.

ನೈಟ್ರಾಕ್ಸ್ ಹೆಚ್ಚು ಆಳಕ್ಕೆ ಹೋಗುವ ಸಾಧನವಲ್ಲ. ಶೇ. 32 ಆಮ್ಲಜನಕದ ಮಿಶ್ರಣದಲ್ಲಿ ಸುಮಾರು 33 ಮೀಟರ್ ದಾಟುವುದು ಅಪಾಯಕಾರಿ. ಅದರ ಲಾಭವೆಂದರೆ ಮಧ್ಯಮ ಆಳದಲ್ಲಿ ಹೆಚ್ಚು ಹೊತ್ತು ಇರಲು ಸಾಧ್ಯವಾಗುವುದು. ಒಂದೇ ದಿನ ಹಲವು ಬಾರಿ ಮುಳುಗುವವರಿಗೆ ಅದು ಉಪಯುಕ್ತ.

ಶುಲ್ಕಕ್ಕಿಂತ ಮೊದಲು, ಒಬ್ಬ ಶಿಕ್ಷಕರ ಕೈಕೆಳಗೆ ಎಷ್ಟು ಮಂದಿ ಇರುತ್ತಾರೆ ಎಂದು ವಿಚಾರಿಸಿ.