ಮೂತ್ರಪಿಂಡದ ಕಾಯಿಲೆ ಇರುವವರಿಗೆ ಪಾರ್ಶ್ವವಾಯುವಿನ ಅಪಾಯ ಏಕೆ ಹೆಚ್ಚು?

ನಿಮ್ಮ ತಂದೆಯವರಿಗೆ 62 ವರ್ಷ, ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ, ರಕ್ತದಲ್ಲಿ ಅಳೆಯುವ ಕಶ್ಮಲ) 2.1 ಇದೆ, ವೈದ್ಯರು ಪಾರ್ಶ್ವವಾಯುವಿನ ಬಗ್ಗೆ ಎಚ್ಚರಿಸಿದ್ದಾರೆ, ಮೂತ್ರಪಿಂಡಕ್ಕೂ ಮಿದುಳಿಗೂ ಏನು ನಂಟು ಎಂದು ಕೇಳಿದ್ದೀರಿ. ನಾನು ಡಯಾಲಿಸಿಸ್ ವಿಭಾಗದಲ್ಲಿ ಶುಶ್ರೂಷಕಿ. ಈ ಪ್ರಶ್ನೆಯನ್ನು ಎಲ್ಲ ಮನೆಯವರೂ ನಿಮ್ಮಂತೆ ಡಯಾಲಿಸಿಸ್‌ಗೆ ಮೊದಲೇ ಕೇಳಬೇಕೆಂಬುದು ನನ್ನ ಆಸೆ.

ನಂಟಿರುವುದು ರಕ್ತನಾಳಗಳಲ್ಲಿ. ಎರಡೂ ಅಂಗಗಳಿಗೆ ಹಗಲಿರುಳು ಹೇರಳವಾಗಿ ರಕ್ತ ಹರಿಯುತ್ತಿರಬೇಕಾದ್ದರಿಂದ, ದೊಡ್ಡ ನಾಳಗಳ ಒತ್ತಡ ಅಲ್ಲಿನ ಕೂದಲೆಳೆಯಂಥ ನಾಳಗಳಿಗೆ ಹೆಚ್ಚುಕಡಿಮೆ ನೇರವಾಗಿಯೇ ತಟ್ಟುತ್ತದೆ. ರಕ್ತದೊತ್ತಡವೋ ಮಧುಮೇಹವೋ ಮೂತ್ರಪಿಂಡದ ನಾಳಗಳನ್ನು ಕೆಡಿಸಿದ್ದರೆ ಮಿದುಳಿನ ನಾಳಗಳೂ ಅದೇ ಪೆಟ್ಟು ತಿಂದಿರುವ ಸಂಭವ ಹೆಚ್ಚು. ಮೂತ್ರಪಿಂಡ ಸೋಲುತ್ತಾ ಹೋದಂತೆ ನಾಳಗಳ ಗೋಡೆಗೆ ಸುಣ್ಣದಂಶ ಸೇರಿ ಅವು ಗಡುಸಾಗುತ್ತವೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳ ಕೆಲಸವೂ ಏರುಪೇರಾಗುತ್ತದೆ. ಹೀಗಾಗಿ ರಕ್ತ ಹೆಪ್ಪುಗಟ್ಟಿ ಬರುವ ಪಾರ್ಶ್ವವಾಯುವೂ ರಕ್ತಸ್ರಾವದಿಂದ ಬರುವುದೂ ಇವರಲ್ಲಿ ಹೆಚ್ಚು; ಯಾರದೋ ಮಾತು ಕೇಳಿ, ರಕ್ತಸ್ರಾವ ಹೆಚ್ಚಿಸಬಲ್ಲ ಆಸ್ಪಿರಿನ್ ಶುರುಮಾಡುವುದು ಸಲ್ಲದು.

ಮನೆಯವರೆಲ್ಲ ಕ್ರಿಯಾಟಿನಿನ್ ಒಂದನ್ನೇ ನೋಡುತ್ತಾರೆ. ಆ ವಯಸ್ಸಿನ ಗಂಡಸಿಗೆ 2.1 ಎಂದರೆ ಇಜಿಎಫ್ಆರ್ (ಮೂತ್ರಪಿಂಡ ರಕ್ತ ಸೋಸುವ ವೇಗದ ಅಂದಾಜು) ಸುಮಾರು 35. ಅದು 60ಕ್ಕಿಂತ ಕೆಳಗಿದ್ದರೇ ಅಪಾಯ ಏರಿರುತ್ತದೆ. ಆದರೆ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದ್ದರೆ ಅದು ಪ್ರತ್ಯೇಕವಾದ ಇನ್ನೊಂದು ಎಚ್ಚರಿಕೆ. ಈ ಸೋರಿಕೆಯನ್ನು ಅಳೆಯುವ ಎಸಿಆರ್ ಎಂಬ ಮೂತ್ರ ಪರೀಕ್ಷೆ ಆಗಿದೆಯೇ ಎಂದು ದಯವಿಟ್ಟು ವಿಚಾರಿಸಿ. ಅದು 30ರಿಂದ (ಮಿ.ಗ್ರಾಂ/ಗ್ರಾಂ) ಮೇಲಕ್ಕೆ ಬಂದರೆ ಗಂಭೀರವಾಗಿ ಪರಿಗಣಿಸಬೇಕು.

ಎಲ್ಲಕ್ಕಿಂತ ಮುಖ್ಯ ರಕ್ತದೊತ್ತಡ. ಕ್ರಮಬದ್ಧವಾಗಿ ಅಳೆದಾಗ ಮೇಲಿನ ಅಂಕಿ, ರೋಗಿಗೆ ಒಗ್ಗುವುದಾದರೆ, 120ಕ್ಕಿಂತ ಕಡಿಮೆ ಇರಲಿ ಎನ್ನುತ್ತದೆ ಮೂತ್ರಪಿಂಡ ಕಾಯಿಲೆಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಕೆಡಿಗೊದ 2021ರ ಮಾರ್ಗಸೂಚಿ. ನಿಮ್ಮ ತಂದೆಯವರ ಗುರಿಯನ್ನು ಅವರ ವೈದ್ಯರೇ ನಿಗದಿಪಡಿಸಲಿ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂರಿಸಿ, ಮಾತಾಡಿಸದೆ ಅಳೆದು ಬರೆದಿಡಿ. ಉಪ್ಪಿನಕಾಯಿ, ಹಪ್ಪಳ ಕಡಿಮೆಯಾಗಲಿ. ಒಳ್ಳೆಯದೆಂದು ಅಂಗಡಿಯಿಂದ ತರುವ ‘ಲೋ ಸೋಡಿಯಂ’ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಸೋತ ಮೂತ್ರಪಿಂಡ ಅದನ್ನು ಹೊರಹಾಕಲಾರದೆ ಹೃದಯಕ್ಕೇ ಕುತ್ತು ಬರಬಹುದು. ನಾಡಿ ತಾಳ ತಪ್ಪುತ್ತಿದ್ದರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು, ಇಸಿಜಿ ಮಾಡಿಸಿ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕೇ ಎಂದೂ ಕೇಳಿ.

ಮುಖ ಓರೆಯಾದರೆ, ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ ಕೂಡಲೇ 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಅವಧಿ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ ಮಾತ್ರ, ಮೂತ್ರಪಿಂಡದ ಕಾಯಿಲೆ ಇದೆ ಎಂಬುದೊಂದೇ ಕಾರಣಕ್ಕೆ ಅದನ್ನು ತಪ್ಪಿಸಬೇಕಾಗಿಲ್ಲ. ಔಷಧಿ ಚೀಟಿಗಳನ್ನು ಜೊತೆಗೊಯ್ಯಿರಿ.