ಕುವೆಂಪು ಹುಟ್ಟಿದ ತಾಲ್ಲೂಕಿನಿಂದ ಒಂದು ಉತ್ತರ

ನಿಮ್ಮ ಪ್ರಶ್ನೆ ಚೆನ್ನಾಗಿದೆ ಸರ್. ಮೆಡಿಕಲ್ ಓದಲು ಫಿಲಿಪ್ಪೀನ್ಸ್‌ಗೆ ಹೋದ ನಿಮ್ಮ ಮಗಳು ಆ ದೇಶದ ರಾಷ್ಟ್ರವೀರ, ಕಾದಂಬರಿಕಾರ ಹೊಸೆ ರಿಜಾಲ್ ಅವರ ಜೀವನ, ಬರಹದ ಮೇಲೆ ಒಂದು ಕೋರ್ಸ್ ಮುಗಿಸಬೇಕಾಯಿತು. ಅದಕ್ಕೆ ಅಲ್ಲಿ ಕಾನೂನೇ ಇದೆ. ‘ಕುವೆಂಪು ಹುಟ್ಟಿದ್ದು ನಿಮ್ಮ ಕೊಪ್ಪದಲ್ಲಿ, ನೀವೂ ಇಂಥದ್ದನ್ನು ಕೇಳಬಾರದೇಕೆ’ ಅಂತೀರಿ. ಕೇಳಬಹುದು. ಆದರೆ ಆ ಕಾನೂನಿನಲ್ಲಿ ನನಗೆ ಬೇಕಾದ ಭಾಗವೇ ಬೇರೆ.

ಮೊದಲು ಊರು ಹೇಗಿದೆ ಹೇಳುತ್ತೇನೆ. ಚಿಕ್ಕಮಗಳೂರು ಅಂದರೆ ಬೆಂಗಳೂರಿನವರಿಗೆ ಕಾಫಿ, ಮುಳ್ಳಯ್ಯನಗಿರಿ, ಹೋಂಸ್ಟೇ. ಕೊಪ್ಪ ಇರುವುದು ಜಿಲ್ಲೆಯ ಅಂಚಿನಲ್ಲಿ. ಇಲ್ಲಿ ಅಡಿಕೆ ಮಾತೇ ಜಾಸ್ತಿ. ಆಚೆ ತೀರ್ಥಹಳ್ಳಿ, ಅಂದರೆ ಶಿವಮೊಗ್ಗ ಜಿಲ್ಲೆ. ಶೃಂಗೇರಿ ಕಡೆಯಿಂದ ಘಟ್ಟ ಇಳಿದರೆ ಕಾರ್ಕಳ. ಕುವೆಂಪು ಅವರದ್ದೂ ಗಡಿಯ ಕಥೆಯೇ. 1904ರ ಡಿಸೆಂಬರ್ 29ರಂದು ಹುಟ್ಟಿದ್ದು ತಾಯಿಯ ತವರು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ತೀರ್ಥಹಳ್ಳಿಯ ಕುಪ್ಪಳಿಯಲ್ಲಿ. ಕವಿಮನೆ, ಕವಿಶೈಲ ಎಲ್ಲ ಅಲ್ಲೇ, ಶಾಲೆ ಮಕ್ಕಳ ಪ್ರವಾಸವೂ ಅಲ್ಲಿಗೇ. ಹೆರಿಗೆ ನಮ್ಮದು, ಹೆಸರು ಅವರದ್ದು.

ಇಲ್ಲಿಯ ಒಂದು ಸರ್ಕಾರಿ ಶಾಲೆಗೆ ಹೋಗಿ ನೋಡಿ. ಒಂದೇ ಬೆಂಚಿನಲ್ಲಿ ಮನೆಮಾತು ಕನ್ನಡ ಇರುವವರು, ತುಳುವಿನವರು, ಕೊಂಕಣಿಯವರು, ಬ್ಯಾರಿಯವರು ಕೂತಿರುತ್ತಾರೆ. ನರಸಿಂಹರಾಜಪುರದ ಕಡೆ ಹೋದರೆ ಮಲಯಾಳವೂ ಸೇರುತ್ತದೆ. ತೋಟದ ಲೈನ್ ಮನೆಗಳಿಂದ ಅಸ್ಸಾಮಿನ ಕೆಲಸಗಾರರ ಮಕ್ಕಳೂ ಬರುತ್ತಾರೆ. ಇವರೆಲ್ಲರಿಗೂ ಮಹಾಪುರುಷರು ಸಿಗುವುದು ಒಂದೇ ದಾರಿಯಲ್ಲಿ, ಜಯಂತಿಯಲ್ಲಿ. ಅಂಬೇಡ್ಕರ್, ಬಸವಣ್ಣ, ಕೆಂಪೇಗೌಡ, ಗಾಂಧಿ, ವಾಲ್ಮೀಕಿ, ಕನಕ, ವರ್ಷಾಪೂರ್ತಿ ಸಾಲು ಸಾಲು. ಮೇಜಿನ ಮೇಲೆ ಫೋಟೋ, ಹೂವು, ಊದುಬತ್ತಿ. ಮೊಬೈಲಿನಿಂದ ಬರೆದುಕೊಂಡ ಭಾಷಣ ಓದುವ ಒಂದು ಮಗು. ಕೊನೆಗೆ ಸಿಹಿ. ಡಿಸೆಂಬರ್ 29 ನಮಗೆ ವಿಶ್ವಮಾನವ ದಿನ. ಆಗ ಅಡಿಕೆ ಕೊಯ್ಲೂ ಇರುತ್ತದೆ, ಕಾಫಿ ಕೊಯ್ಲೂ ಇರುತ್ತದೆ. ಅರ್ಧ ಮಕ್ಕಳು ಶಾಲೆಗೇ ಬಂದಿರುವುದಿಲ್ಲ.

2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಕಚೇರಿಗಳಲ್ಲಿ ಫೋಟೋ ಹಾಕಲು ಆದೇಶವೂ ಬಂತು. ಫೋಟೋ ಬಂದಷ್ಟು ಬೇಗ ವಚನದ ಪುಸ್ತಕ ಬರುತ್ತದಾ? ನಾನಂತೂ ನೋಡಿಲ್ಲ.

ಈಗ ರಿಜಾಲ್ ವಿಷಯ. ನಮ್ಮ ಕಡೆಯ ಹಿರಿಯರಿಗೆ ಈ ಮನುಷ್ಯನ ಕಥೆ ಹೇಳಿದರೆ ಅರ್ಧಕ್ಕೇ ಉಳಿದದ್ದನ್ನು ಅವರೇ ಹೇಳಿಬಿಡುತ್ತಾರೆ. ಹುಟ್ಟಿದ್ದು 1861ರಲ್ಲಿ, ಕಲಂಬಾ ಎಂಬ ಊರಲ್ಲಿ. ಊರಿನ ಜಮೀನೆಲ್ಲ ಡೊಮಿನಿಕನ್ ಪಾದ್ರಿಗಳ ಸಂಸ್ಥೆಯದ್ದು. ರಿಜಾಲ್ ಮನೆಯವರು ಓದಿದವರು, ಅನುಕೂಲವಂತರು, ಆದರೂ ಗೇಣಿದಾರರೇ. ಗೇಣಿ ಜಗಳ ಬೆಳೆದು ಕೊನೆಗೆ ಅವರನ್ನೂ ಊರಿನ ಎಷ್ಟೋ ಮನೆಯವರನ್ನೂ ಒಕ್ಕಲೆಬ್ಬಿಸಿದರು. ಮಗ ಕಣ್ಣಿನ ಡಾಕ್ಟರು. ಪಾದ್ರಿಗಳ ದರ್ಪದ ಬಗ್ಗೆ ಸ್ಪ್ಯಾನಿಷ್‌ನಲ್ಲಿ ಎರಡು ಕಾದಂಬರಿ ಬರೆದ. ‘ನೋಲಿ ಮೆ ತಾಂಗೆರೆ’ 1887ರಲ್ಲಿ ಬರ್ಲಿನ್ನಿನಲ್ಲಿ ಅಚ್ಚಾಯಿತು, ‘ಎಲ್ ಫಿಲಿಬುಸ್ತೆರಿಸ್ಮೊ’ 1891ರಲ್ಲಿ ಬೆಲ್ಜಿಯಮ್ಮಿನ ಗೆಂಟ್‌ನಲ್ಲಿ. 1896ರ ಡಿಸೆಂಬರ್ 30ರಂದು ಸ್ಪೇನಿನ ಆಡಳಿತ ಮನಿಲಾದಲ್ಲಿ ಅವನನ್ನು ಗುಂಡಿಟ್ಟು ಕೊಂದಿತು. ಆಗ ಅವನಿಗೆ 35 ವರ್ಷ. ನಮ್ಮ ಕುವೆಂಪು ಜಯಂತಿಯ ಮರುದಿನವೇ ಅಲ್ಲಿ ರಿಜಾಲ್ ದಿನ, ನೋಡಿ.

ಗೇಣಿ ಅಂದರೆ ಏನು ಅಂತ ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಪಕ್ಕದ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ರೈತರು ಸತ್ಯಾಗ್ರಹಕ್ಕೆ ಕೂತದ್ದು ಗೇಣಿ ಅಳೆಯುವ ಕೊಳಗದ ಅಳತೆಗೆ. 1974ರ ಭೂಸುಧಾರಣೆ ಬಂದ ಮೇಲೆ, ಉಳುವವರು ನಾವೇ ಅಂತ ಡಿಕ್ಲರೇಶನ್ ಕೊಟ್ಟು ಜಮೀನು ಮಾಡಿಕೊಂಡವರ ಮೊಮ್ಮಕ್ಕಳೂ ಜಮೀನು ಕಳೆದುಕೊಂಡವರ ಮೊಮ್ಮಕ್ಕಳೂ ಈಗ ಒಂದೇ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಾರೆ.

ಅದಕ್ಕೇ ಇಲ್ಲಿ ಕುವೆಂಪು ಅವರನ್ನು ಪೂರ್ತಿ ಓದಿಸುವುದು ನೀವು ಅಂದುಕೊಂಡಷ್ಟು ಸುಲಭವಲ್ಲ. ಕಾಡು, ಮಳೆ, ಸೂರ್ಯೋದಯದ ಪದ್ಯ ಯಾರಿಗೂ ತೊಂದರೆ ಕೊಡುವುದಿಲ್ಲ. ನಾಡಗೀತೆ ದಿನಾ ಹಾಡುತ್ತೇವೆ. ಆದರೆ ‘ಮಲೆಗಳಲ್ಲಿ ಮದುಮಗಳು’ ಇದೇ ಸೀಮೆಯ ಹಳೇ ಕಾಲದ ಕಥೆ. ಅದರಲ್ಲಿ ಗೌಡರ ಮನೆಗಳಿವೆ, ಜೀತದವರಿದ್ದಾರೆ, ಯಾರು ಯಾರನ್ನು ಎಲ್ಲಿ ನಿಲ್ಲಿಸಿ ಮಾತಾಡುತ್ತಿದ್ದರು ಅನ್ನುವುದೂ ಇದೆ. ಪುರೋಹಿತಶಾಹಿಯ ಬಗ್ಗೆ ಅವರು ಬರೆದ ವೈಚಾರಿಕ ಲೇಖನಗಳಂತೂ ಇನ್ನೂ ಖಾರ. ತರಗತಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದರೆ ಒಬ್ಬ ಹುಡುಗನಿಗೆ ಅದು ಅಜ್ಜ ತಿಂದ ಹೊಡೆತ, ಪಕ್ಕದವನಿಗೆ ಅಜ್ಜ ಎತ್ತಿದ ದೊಣ್ಣೆ. ಮೇಷ್ಟ್ರು ಅಲ್ಲಿ ನಿಲ್ಲಿಸಿ ಮಾತಾಡಬೇಕು. ಬಹಳ ಮೇಷ್ಟ್ರು ಅದಕ್ಕೆ ಹೋಗುವುದಿಲ್ಲ, ಪ್ರಶ್ನೋತ್ತರ ಬರೆಸಿ ಮುಂದೆ ಹೋಗುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಸಂಜೆ ಅದೇ ಊರಲ್ಲಿ ಹಾಲಿಗೆ ಹೋಗಬೇಕಾದವರು ಅವರು.

ಫಿಲಿಪ್ಪೀನ್ಸ್‌ನಲ್ಲೂ ಜಗಳ ಆದದ್ದು ಇಲ್ಲೇ. ಸೆನೆಟರ್ ಕ್ಲಾರೊ ರೆಕ್ತೊ ಮಸೂದೆ ತಂದಾಗ ಕ್ಯಾಥೊಲಿಕ್ ಚರ್ಚು ವಿರೋಧಿಸಿತು. ರಿಜಾಲ್ ಬೇಡ ಅಂತ ಯಾರೂ ಅನ್ನಲಿಲ್ಲ. ಚರ್ಚಿಗೆ ಆಗದೇ ಇದ್ದದ್ದು ಆ ಎರಡು ಕಾದಂಬರಿ, ಅದೂ ಕತ್ತರಿ ಹಾಕದ ಪ್ರತಿ. ಶಾಲೆಗಳನ್ನೇ ಮುಚ್ಚುತ್ತೇವೆ ಅನ್ನುವವರೆಗೂ ಮಾತು ಹೋಯಿತು. ಕೊನೆಗೆ 1956ರ ಜೂನ್ 12ರಂದು ಅಧ್ಯಕ್ಷ ಮಗ್‌ಸಾಯ್‌ಸಾಯ್ ಸಹಿ ಹಾಕಿದ ಕಾನೂನಿನಲ್ಲಿ ಒಂದು ರಾಜಿ ಇದೆ. ಧರ್ಮದ ಕಾರಣ ಹೇಳಿ ಪ್ರಮಾಣಪತ್ರ ಕೊಟ್ಟ ವಿದ್ಯಾರ್ಥಿ ಆ ಪ್ರತಿ ಓದುವುದರಿಂದ ವಿನಾಯಿತಿ ಕೇಳಬಹುದು, ಆದರೆ ಕೋರ್ಸಿನಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಬುದ್ಧಿವಂತಿಕೆಯ ರಾಜಿ ಅಂತಲೇ ನನ್ನ ಅಭಿಪ್ರಾಯ.

ನಮ್ಮಲ್ಲಿ ಹೀಗೆ ಒಬ್ಬರ ಹೆಸರು ಬರೆದು ಕಾನೂನು ಮಾಡಲು ಹೊರಟರೆ ಆ ಹೆಸರು ಯಾವುದು ಅನ್ನುವುದರಲ್ಲೇ ಕಾಲ ಕಳೆಯುತ್ತದೆ. 2022ರಲ್ಲಿ ಹತ್ತನೇ ತರಗತಿಯ ಕನ್ನಡ ಪಠ್ಯಕ್ಕೆ ಆರೆಸ್ಸೆಸ್ ಸ್ಥಾಪಕ ಹೆಡಗೇವಾರ್ ಭಾಷಣ ಬಂತು, ಸರ್ಕಾರ ಬದಲಾಗಿ 2023ರಲ್ಲಿ ಹೋಯಿತು. ಪರೀಕ್ಷೆ ಬರೆಯುವ ಮಕ್ಕಳಿಗೆ ಇದೆಲ್ಲ ‘ಈ ಸಲ ಆ ಪಾಠ ಇದೆಯಾ ಇಲ್ವಾ’ ಅನ್ನುವಷ್ಟೇ. ಕುವೆಂಪು ಹೆಸರಿಗೆ ವಿರೋಧ ಕಡಿಮೆ ಇರಬಹುದು. ಆದರೂ ಕಡ್ಡಾಯ ಅಂದ ಕೂಡಲೇ ಗೈಡ್ ಬರುತ್ತದೆ, ಐದು ಅಂಕದ ಟಿಪ್ಪಣಿ ಬರುತ್ತದೆ, ‘ಜನನ, ಬಾಲ್ಯ, ಕೃತಿಗಳು, ಪ್ರಶಸ್ತಿಗಳು’ ಅಂತ ಬಾಯಿಪಾಠ ಶುರುವಾಗುತ್ತದೆ. 1967ರಲ್ಲಿ ಜ್ಞಾನಪೀಠ ಬಂತು ಅನ್ನುವುದು ಈಗಲೂ ಎಲ್ಲ ಮಕ್ಕಳಿಗೆ ಗೊತ್ತು.

ನನಗೆ ಇಷ್ಟವಾದದ್ದು ಆ ಕಾನೂನಿನ ಉಳಿದ ಕಲಮುಗಳು. ಅವುಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಶಾಲೆ ಕಾಲೇಜುಗಳ ಲೈಬ್ರರಿಗಳಲ್ಲಿ ರಿಜಾಲ್ ಪುಸ್ತಕದ ಪ್ರತಿಗಳು ಸಾಕಷ್ಟು ಇರಲೇಬೇಕು. ಇಂಗ್ಲಿಷ್, ತಗಾಲೊಗ್ ಮತ್ತು ದೇಶದ ಉಳಿದ ಮುಖ್ಯ ಭಾಷೆಗಳಿಗೆ ಅನುವಾದ ಮಾಡಿಸಬೇಕು. ಕಡಿಮೆ ಬೆಲೆಯಲ್ಲಿ ಅಚ್ಚು ಹಾಕಿಸಿ, ಹಳ್ಳಿಯ ಮಂಡಳಿಗಳ ಮೂಲಕ ಓದಬೇಕೆನ್ನುವವರಿಗೆ ಪುಕ್ಕಟೆ ಹಂಚಬೇಕು. ಅದಕ್ಕೆ ಮೂರು ಲಕ್ಷ ಪೆಸೊ ತೆಗೆದಿಟ್ಟರು. ಅಂದರೆ ಓದುವ ಹೊಣೆ ಮಕ್ಕಳ ಮೇಲೆ ಹಾಕುವಾಗ ಪುಸ್ತಕ ಒದಗಿಸುವ ಹೊಣೆ ಸರ್ಕಾರದ ಮೇಲೂ ಬಿತ್ತು. ಅಲ್ಲಿ ಅದು ಎಷ್ಟು ನಡೆಯಿತೋ, ನಿಮ್ಮ ಮಗಳನ್ನೇ ಕೇಳಬೇಕು.

ನಮಗೆ ಆ ಅರ್ಧ ಸಾಕು. ಹಂಚಲು ಜಾಗವೂ ಇದೆ. ಗ್ರಾಮ ಪಂಚಾಯಿತಿ ಲೈಬ್ರರಿಗಳು ಈಗ ಅರಿವು ಕೇಂದ್ರಗಳಾಗಿವೆ, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಶಾಲೆಯ ಪುಸ್ತಕದ ಹಾಗೆ ಅಲ್ಲಿಯ ಪುಸ್ತಕ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂರುವುದಿಲ್ಲ. ಒಂದು ತೊಡಕಿದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಲೇಖಕರು ತೀರಿದ ಮೇಲೆ 60 ವರ್ಷ ಕಾಪಿರೈಟ್ ಇರುತ್ತದೆ. ಹಾಗಾಗಿ 2054ರ ಕೊನೆಯವರೆಗೆ ಸರ್ಕಾರ ಸುಮ್ನೆ ಅಚ್ಚು ಹಾಕಿ ಹಂಚುವಂತಿಲ್ಲ, ಕೊಳ್ಳಬೇಕು ಅಥವಾ ಅನುಮತಿ ಪಡೆಯಬೇಕು. ಜಯಂತಿಯ ಶಾಮಿಯಾನದ ಖರ್ಚಿನಲ್ಲೇ ಒಂದಷ್ಟು ಆಗುತ್ತದೆ ಬಿಡಿ.

ನೀವು ಪುಸ್ತಕ ಕಳಿಸುತ್ತೇನೆ ಅಂದಿದ್ದೀರಲ್ಲ, ಪಂಚಾಯಿತಿ ವಿಳಾಸಕ್ಕೇ ಕಳಿಸಿ. ದಪ್ಪ ಕಾದಂಬರಿ ಒಂದೇ ಪ್ರತಿ ಬೇಡ. ಅದು ಒಬ್ಬರ ಮನೆಗೆ ಹೋದರೆ ಮಳೆಗಾಲ ಮುಗಿಯುವವರೆಗೆ ವಾಪಸ್ ಬರುವುದಿಲ್ಲ, ನಾಲ್ಕೈದು ಇರಲಿ. ನಿಮ್ಮ ಮಗಳ ಹತ್ತಿರ ರಿಜಾಲ್ ಕಾದಂಬರಿಯ ಇಂಗ್ಲಿಷ್ ಪ್ರತಿ ಇದ್ದರೆ ಅದನ್ನೂ ಸೇರಿಸಿ. ಪಿಯುಸಿ ಓದುವ ಒಂದಿಬ್ಬರು ಆಗಲೇ ಕೇಳಿಟ್ಟಿದ್ದಾರೆ.